ಕೈ ಎತ್ತಿದವರಲ್ಲಿ ನಾನೂ ಒಬ್ಬ

2024ರ ಡಿಸೆಂಬರ್ 16, ಸೋಮವಾರ. ಬೆಳಗಿನ ಪ್ಯಾಸೆಂಜರ್ ರೈಲು ಕುಂಬಳೆಗೆ ಬರುವಾಗ ನಮ್ಮ ಬೋಗಿಯಲ್ಲಿ ಆಗಲೇ ಗಲಾಟೆ ಶುರುವಾಗಿತ್ತು. ಕಾಸರಗೋಡಿನಲ್ಲಿ ಹತ್ತಿದವರು ನಾವು ಹತ್ತುವ ಹೊತ್ತಿಗೆ ಅರ್ಧ ವಾದ ಮುಗಿಸಿರುತ್ತಾರೆ. ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುವ ನಮ್ಮದೊಂದು ಗುಂಪು ಉಂಟು. ಬ್ಯಾಂಕಿನವರೊಬ್ಬರು, ಮೊಬೈಲ್ ಅಂಗಡಿಯ ಹುಡುಗ, ನರ್ಸಿಂಗ್ ಓದುವ ಹುಡುಗಿ, ರಿಟೈರ್ ಆಗಲು ಎರಡು ವರ್ಷ ಬಾಕಿ ಇರುವ ಒಬ್ಬ ಹೆಡ್ ಕ್ಲಾರ್ಕ್, ಮತ್ತೆ ನಾನು. ಒಬ್ಬರು ಮಲಯಾಳದಲ್ಲಿ ಬೈದರೆ ಇನ್ನೊಬ್ಬರು ತುಳುವಿನಲ್ಲಿ ಸಮಾಧಾನ ಹೇಳುತ್ತಾರೆ. ಮಧ್ಯೆ ಬ್ಯಾರಿ ಭಾಷೆಯಲ್ಲಿ ಒಂದು ಜೋಕು. ಕೊನೆಗೆ ಕನ್ನಡದಲ್ಲಿ ತೀರ್ಪು.

ಅವತ್ತಿನ ವಿಷಯ ನಮ್ಮ ಫುಟ್ಬಾಲ್ ತಂಡ ಕೇರಳ ಬ್ಲಾಸ್ಟರ್ಸ್. ಶನಿವಾರ ರಾತ್ರಿ ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ವಿರುದ್ಧ 85 ನಿಮಿಷದವರೆಗೆ 2–1 ಮುಂದಿದ್ದ ತಂಡ 3–2 ಸೋತು ಬಂದಿತ್ತು. ಕೊನೆಯ ಗೋಲು ಬಿದ್ದದ್ದು 95ನೇ ನಿಮಿಷಕ್ಕೆ. ಅದಕ್ಕಿಂತ ಒಂದು ವಾರ ಮೊದಲು ಬೆಂಗಳೂರಿನಲ್ಲಿ, ಅಲ್ಲಿಯ ತಂಡದ ಕೈಯಲ್ಲಿ 4–2 ಸೋಲು. ಆ ದಿನ 40 ವರ್ಷದ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದಿದ್ದರು.

“ತೆಗೀಬೇಕು ಮಾರಾಯ್ರೆ, ಇವತ್ತೇ ತೆಗೀಬೇಕು,” ಅಂದ ಮೊಬೈಲ್ ಅಂಗಡಿಯ ಹುಡುಗ. ಕೋಚ್ ಮಿಕೆಲ್ ಸ್ಟಾರೆಯ ಬಗ್ಗೆ.

“ಬಂದು ಆರೇಳು ತಿಂಗಳಾಯ್ತಷ್ಟೆ. ಸ್ವಲ್ಪ ಟೈಮ್ ಕೊಡ್ಬೇಡ್ವಾ?” ಬ್ಯಾಂಕಿನವರದು ಯಾವಾಗಲೂ ಕಂತು ಕಟ್ಟಲು ಅವಧಿ ಕೊಡುವ ಧಾಟಿ.

“12 ಮ್ಯಾಚು, 7 ಸೋಲು. ಇನ್ನೆಷ್ಟು ಟೈಮ್? ಮುಹೂರ್ತ ನೋಡ್ಬೇಕಾ?”

ನರ್ಸಿಂಗ್ ಹುಡುಗಿ ಹಳದಿ ಸ್ಕಾರ್ಫನ್ನು ಬ್ಯಾಗಿನ ಹಿಡಿಗೆ ಕಟ್ಟಿಕೊಂಡು ಬರುವವಳು. ಅವಳು ಮಾತಾಡಲಿಲ್ಲ, ಸುಮ್ನೆ ಕಿಟಕಿ ನೋಡುತ್ತಿದ್ದಳು. ಹೆಡ್ ಕ್ಲಾರ್ಕ್ ನನ್ನ ಕಡೆ ತಿರುಗಿದರು. “ನೀವು ಎಂತ ಹೇಳ್ತೀರಿ?” ನಾನು ಬ್ಯಾಗನ್ನು ಮೇಲೆ ಇಡುತ್ತಾ, ತಿರುಗಿ ಕೂಡ ನೋಡದೆ, “ತೆಗೀಲಿ” ಅಂದೆ. ಬುತ್ತಿ ವಾಲದ ಹಾಗೆ ಬ್ಯಾಗ್ ಸರಿಮಾಡಿ ಕೂತೆ.

ಸಂಜೆ ವಾಪಸು ಬರುವ ರೈಲಿನಲ್ಲಿ ಎಲ್ಲರ ಮೊಬೈಲಿಗೂ ಸುದ್ದಿ ಬಂದಿತ್ತು. ಸ್ಟಾರೆಯನ್ನು ತೆಗೆದಿದ್ದರು. ಜೊತೆಗೆ ಇಬ್ಬರು ಸಹಾಯಕರನ್ನೂ. ಹುಡುಗ ಕೈ ಚಾಚಿದ, ನಾನೂ ಕೈ ಕೊಟ್ಟೆ. ನಾನು ಹೇಳಿದ್ದಕ್ಕೆ ತೆಗೆದದ್ದಲ್ಲ, ಗೊತ್ತು. ಆದರೂ ಮಂಜೇಶ್ವರ ದಾಟುವವರೆಗೆ ಎಂತದೋ ಕಿರಿಕಿರಿ. ಇಷ್ಟು ಸಲೀಸಾಗಿ ‘ತೆಗೀಲಿ’ ಅಂದದ್ದು ನನಗೆ ಅದೇ ಮೊದಲ ಸಲ ಆಗಿರಲಿಲ್ಲ. ಹಿಂದೆ ಒಮ್ಮೆ ಅಂದಿದ್ದೆ, ಆ ಸಲ ನನ್ನ ಮಾತಿಗೆ ತೂಕವೂ ಇತ್ತು. ಆ ಕಥೆ ಆಮೇಲೆ ಹೇಳುತ್ತೇನೆ.

ನಾವು ಯಾರ ಕಡೆ?

ಕಾಸರಗೋಡಿನ ಕನ್ನಡಿಗನಿಗೆ ಫುಟ್ಬಾಲಿನ ಇಂಡಿಯನ್ ಸೂಪರ್ ಲೀಗ್ ಯಾನೆ ಐಎಸ್‌ಎಲ್ ಅಂದರೆ ಮನೆಯೊಳಗಿನ ಪಂಚಾಯ್ತಿಕೆ. ಆಧಾರ್ ಕಾರ್ಡಿನಲ್ಲಿ ಕೇರಳ, ಓದಿದ್ದು ಕನ್ನಡ ಮೀಡಿಯಂ, ಅಂಗಡಿಯಲ್ಲಿ ಮಲಯಾಳ, ಅಂಗಳದಲ್ಲಿ ತುಳು. ಹಾಗಾದರೆ ಕೇರಳದ ಹಳದಿಯಾ, ಬೆಂಗಳೂರಿನ ನೀಲಿಯಾ? ನಮ್ಮ ಮನೆಯಲ್ಲಿ ತಮ್ಮ ಬೆಂಗಳೂರು ಎಫ್‌ಸಿ, ನಾನು ಬ್ಲಾಸ್ಟರ್ಸ್. ಇದಕ್ಕೆ ಭಾಷೆ ಗೀಷೆ ಅಂತ ದೊಡ್ಡ ಕಾರಣ ಏನೂ ಇಲ್ಲ. ಬ್ಲಾಸ್ಟರ್ಸ್‌ನಲ್ಲಿ ಮೊಹಮ್ಮದ್ ರಾಫಿ ಇದ್ದರು. ನಮ್ಮದೇ ಜಿಲ್ಲೆಯ ತೃಕ್ಕರಿಪುರದವರು. 2016ರ ಫೈನಲ್‌ನಲ್ಲಿ ಅವರು ತಲೆಯಿಂದ ಹೊಡೆದ ಗೋಲು ನೋಡಿ ನಾನು ಖುರ್ಚಿ ಬೀಳಿಸಿದ್ದೆ. ಆ ಫೈನಲನ್ನು ಪೆನಾಲ್ಟಿಯಲ್ಲಿ ಸೋತೆವು. 2022ರ ಫೈನಲ್ ಕೂಡ ಪೆನಾಲ್ಟಿಯಲ್ಲೇ ಹೋಯಿತು. ಅದಿರಲಿ.

2023ರ ಮಾರ್ಚ್ 3ರ ರಾತ್ರಿ ಮರೆಯುವ ಹಾಗಿಲ್ಲ. ಕಂಠೀರವದಲ್ಲಿ ನಾಕೌಟ್ ಮ್ಯಾಚು, ಎಕ್ಸ್‌ಟ್ರಾ ಟೈಮ್. ನಮ್ಮವರು ಅಡ್ಡ ಸಾಲು ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದುಬಿಟ್ಟರು. ರೆಫರಿ ಗೋಲು ಅಂದರು. ನಮ್ಮ ಕೋಚ್ ಇವಾನ್ ವುಕೊಮನೊವಿಚ್ ಇಡೀ ತಂಡವನ್ನು ಕರೆದುಕೊಂಡು ಮೈದಾನದಿಂದ ಹೊರಗೆ ನಡೆದರು. ಒಂದು ಸೋಫಾದಲ್ಲಿ ನಾನು ಟಿವಿಗೆ ಬೈಯುತ್ತಿದ್ದೆ, ಇನ್ನೊಂದರಲ್ಲಿ ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಮ್ಮ ಬಂದು, “ಆಟ ಮುಗೀತಾ? ಊಟಕ್ಕೆ ಬನ್ನಿ,” ಅಂದಳು. ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ. ಅಷ್ಟಾದರೂ ಜನ ಆ ಮನುಷ್ಯನನ್ನು ತಲೆ ಮೇಲೆ ಹೊತ್ತುಕೊಂಡರು. ‘ಆಶಾನ್’ ಅಂದರು. ಮಲಯಾಳದಲ್ಲಿ ಆಶಾನ್ ಅಂದರೆ ಗುರು, ಕಲಿಸಿದವನು.

(ನಮ್ಮ ಕಡೆ ‘ಆಟ’ ಅಂದರೆ ಯಕ್ಷಗಾನ, ಫುಟ್ಬಾಲ್ ‘ಮ್ಯಾಚು’. ಅಮ್ಮನಿಗೆ ಮಾತ್ರ ಎರಡೂ ಆಟವೇ. ಪಾರ್ತಿಸುಬ್ಬನ ಊರು ಕುಂಬಳೆ, ಇಲ್ಲಿ ಕೋಚ್ ಅಂದರೆ ಏನು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಭಾಗವತರೇ ಮೊದಲ ವೇಷ ಅನ್ನುತ್ತಾರೆ. ಬಣ್ಣ ಹಚ್ಚುವುದಿಲ್ಲ, ಕುಣಿಯುವುದಿಲ್ಲ, ಆದರೆ ಯಾರು ಎಷ್ಟು ಹೊತ್ತು ಕುಣಿಯಬೇಕು ಅಂತ ಅವರ ಜಾಗಟೆ ಹೇಳುತ್ತದೆ. ಆಟ ರೈಸಿದರೆ ವೇಷಧಾರಿಗೆ ಹೊಗಳಿಕೆ. ರೈಸದಿದ್ದರೆ ಮರುದಿನ ಚಾದಂಗಡಿಯಲ್ಲಿ, “ಭಾಗವತರದ್ದು ನಿನ್ನೆ ಸ್ವರವೇ ಇರ್ಲಿಲ್ಲ.”)

ಆ ಆಶಾನ್ ಕೂಡ 2024ರ ಏಪ್ರಿಲ್‌ನಲ್ಲಿ ಹೊರಗೆ ಹೋದರು. ಮೂರು ಸೀಸನ್‌ಗಳಲ್ಲೂ ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದವರು, ಬ್ಲಾಸ್ಟರ್ಸ್‌ನಲ್ಲಿ ಅಷ್ಟು ದಿನ ಉಳಿದ ಕೋಚ್ ಅವರೊಬ್ಬರೇ. ಅದಕ್ಕೆ ಮೊದಲಿನ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿ. ಡೇವಿಡ್ ಜೇಮ್ಸ್, ಪೀಟರ್ ಟೇಲರ್, ಟೆರಿ ಫೆಲನ್, ಸ್ಟೀವ್ ಕೊಪ್ಪೆಲ್, ರೆನೆ ಮ್ಯೂಲೆನ್ಸ್‌ಟೀನ್, ಮತ್ತೆ ಡೇವಿಡ್ ಜೇಮ್ಸ್, ನೆಲೊ ವಿಂಗಾಡ, ಎಲ್ಕೊ ಶಟೋರಿ, ಕಿಬು ವಿಕುನ್ಯಾ. 2014ರಿಂದ 2021ರ ಒಳಗೆ ಇಷ್ಟು ಜನ. ಇವರಲ್ಲಿ ಮ್ಯೂಲೆನ್ಸ್‌ಟೀನ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕೋಚ್ ಅಲೆಕ್ಸ್ ಫರ್ಗುಸನ್ ಜೊತೆ ಇದ್ದವರು. ಅಲ್ಲಿಂದ ಬಂದವರಿಗೂ ಇಲ್ಲಿ ಒಂದು ಸೀಸನ್ ಪೂರ್ತಿ ಆಗಲಿಲ್ಲ. ತಮ್ಮ ನಗುವ ಹಾಗಿಲ್ಲ, ಅವನ ಕಡೆಯೂ ಅಷ್ಟೇ. 2019ರಲ್ಲಿ ಕಪ್ ತಂದುಕೊಟ್ಟ ಕಾರ್ಲೆಸ್ ಕ್ವಾಡ್ರಾಟ್ 2021ರ ಜನವರಿಯಲ್ಲಿ ಹೊರಗೆ. 2023ರಲ್ಲಿ ಫೈನಲ್‌ಗೆ ಕರೆದೊಯ್ದ ಸೈಮನ್ ಗ್ರೇಸನ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಗೆ.

ಈಗ ನನ್ನ ತಲೆ ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. 2024ರ ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ಅಭಿಮಾನಿಗಳ ಸಂಘ ಮಂಜಪ್ಪಡ ಟಿಕೆಟ್ ವ್ಯವಹಾರದಿಂದ ಕೈ ತೊಳೆದುಕೊಂಡು ಪ್ರತಿಭಟನೆಗೆ ಇಳಿದಿತ್ತಲ್ಲ, ಅವರ ಸಿಟ್ಟು ಇದ್ದದ್ದು ತಂಡ ನಡೆಸುವವರ ಮೇಲೆ. ಹಿಂದಿನ ಸೀಸನ್‌ನಲ್ಲಿ 13 ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದ ಡಯಮಂಟಕೋಸ್ ಈಸ್ಟ್ ಬೆಂಗಾಲ್‌ಗೆ ಹೋದ. ಜೀಕ್ಸನ್ ಸಿಂಗ್ ಕೂಡ ಅಲ್ಲಿಗೇ. ಇದಕ್ಕೆ ಯಾರು ಉತ್ತರ ಕೊಡುತ್ತಾರೆ ಅಂತ ಜನ ಕೇಳುತ್ತಿದ್ದರು. ಕೇಳಿದ್ದು ಉತ್ತರ, ಸಿಕ್ಕಿದ್ದು ಕೋಚ್‌ನ ರಾಜೀನಾಮೆಯಂಥದ್ದೊಂದು ಪ್ರಕಟಣೆ. ಅದನ್ನೇ ನಾವು ಗೆಲುವು ಅಂದುಕೊಂಡು ರೈಲಿನಲ್ಲಿ ಕೈ ಕುಲುಕಿದೆವು.

ರೈಲಿನಲ್ಲಿ ನರ್ಸಿಂಗ್ ಹುಡುಗಿ ಮಾತ್ರ ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದಳು: “ನಾವು ಬಿಲ್ಲು ಕೊಟ್ಟದ್ದು ಒಬ್ಬರಿಗೆ, ಕಟ್ಟಿಸಿದ್ದು ಇನ್ನೊಬ್ಬರ ಹತ್ರ.”

ಗೋಟು ಮತ್ತು ಚಾಲಿ

ಇನ್ನು ಹಳೇ ಕಥೆ. 1999. ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮೂರು. ಊರಿಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಸೆವೆನ್ಸ್ ತಂಡ, ಅಂದರೆ ಏಳು ಜನರ ಫುಟ್ಬಾಲ್ ತಂಡ. ನಾನೂ ಆಡುತ್ತಿದ್ದೆ. ಏಣೆಲು ಭತ್ತದ ಕೊಯ್ಲಾದ ಮೇಲೆ ಬೈಲಿನ ದೊಡ್ಡ ಗದ್ದೆ ನಮ್ಮದು. ಕೂಳೆ ಕಾಲಿಗೆ ಚುಚ್ಚುತ್ತಿತ್ತು, ಮೊದಲ ವಾರ ಓಡಿ ಓಡಿ ಅದನ್ನು ನಾವೇ ತುಳಿದು ಚಪ್ಪಟೆ ಮಾಡುತ್ತಿದ್ದೆವು. ಅಡಿಕೆ ಮರದ ಗೋಲ್ ಪೋಸ್ಟು, ಮೇಲೆ ಅಡ್ಡಕ್ಕೆ ಬಾವಿ ಹಗ್ಗ. ಬಾಲ್ ಹಗ್ಗದ ಮೇಲೆ ಹೋಯಿತಾ ಕೆಳಗೆ ಹೋಯಿತಾ ಅಂತ ನಡೆದ ಜಗಳಗಳಲ್ಲಿ ಕೆಲವು ಇವತ್ತಿಗೂ ಮುಗಿದಿಲ್ಲ.

ನಮಗೆ ಕಲಿಸುತ್ತಿದ್ದದ್ದು ಶಾಲೆಯ ಕನ್ನಡ ಮಾಷ್ಟ್ರು. ಕಾಸರಗೋಡಿನ ಕಾಲೇಜಿನಲ್ಲಿ ಓದುವಾಗ ಆಡಿದವರು. ಸಂಬಳ ಇಲ್ಲ, ಶರ್ಟಿಲ್ಲ, ಬೂಟಿಲ್ಲ. ಲುಂಗಿ ಮೇಲೆ ಕಟ್ಟಿ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಗದ್ದೆಯ ಹುಣಿಯ ಮೇಲೆ ನಿಲ್ಲುತ್ತಿದ್ದರು. ಅವರ ಪಾಠ ಶಾಲೆಯ ಜಗಲಿಯಲ್ಲಿ. ಕಿಸೆಯಿಂದ ಅಡಿಕೆ ತೆಗೆದು ಸಿಮೆಂಟು ನೆಲದ ಮೇಲೆ ಹರಡುತ್ತಿದ್ದರು. ಸಿಪ್ಪೆ ಇರುವ ಗೋಟು ಎದುರು ತಂಡ, ಸುಲಿದ ಚಾಲಿ ನಾವು. ಏಳು ಗೋಟು, ಏಳು ಚಾಲಿ. “ಇವ ಇಲ್ಲಿಂದ ಬಂದ್ರೆ ನೀನು ಎಲ್ಲಿಗೆ ಹೋಗ್ಬೇಕು?” ಅಂತ ಒಂದು ಗೋಟನ್ನು ಬೆರಳಲ್ಲಿ ದೂಡುತ್ತಿದ್ದರು. ನಾವು ನಮ್ಮ ನಮ್ಮ ಅಡಿಕೆಯನ್ನು ಸರಿಸಿ ತೋರಿಸಬೇಕು. ನನ್ನ ಅಡಿಕೆ ಹಿಂದೆ, ಬಲಗಡೆ. ಅದು ಪಟೋರ. ಒಂದು ಕಡೆ ಒಡೆದಿದ್ದರಿಂದ ಗುರುತು ಸಿಗುತ್ತಿತ್ತು. ಬಾಲಿಗೆ ಗಾಳಿ ಹಾಕುವುದೂ ಅವರೇ. ಪಂಪಿನ ಸೂಜಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಯೇ ಚುಚ್ಚುತ್ತಿದ್ದರು, ಒಣ ಸೂಜಿ ಹಾಕಿದರೆ ವಾಲ್ವ್ ಹೋಗುತ್ತದೆ ಅಂತ.

ಎರಡು ವರ್ಷ ಚೆನ್ನಾಗಿ ಆಡಿದೆವು. ಒಂದು ಟೂರ್ನಮೆಂಟಿನಲ್ಲಿ ರನ್ನರ್ಸ್ ಆಗಿ ಒಂದು ಹುಂಜ ಗೆದ್ದು, ಅವತ್ತೇ ರಾತ್ರಿ ಮುಗಿಸಿದ್ದೆವು. ಮೂರನೇ ವರ್ಷ ಬರೀ ಸೋಲು. ಸಾಲಾಗಿ ಐದು. ಐದನೆಯದು ಉಪ್ಪಳದ ಹತ್ತಿರ ಗ್ಯಾಲರಿ ಕಟ್ಟಿದ್ದ ಮೈದಾನದಲ್ಲಿ, ಲೈಟಿನ ಕೆಳಗೆ, 3–0. ಮೈಕಿನವ ಮಲಯಾಳದಲ್ಲಿ ನಮ್ಮ ಊರಿನ ಹೆಸರು ಹೇಳುವಾಗ ಅವನ ಗಂಟಲಲ್ಲೇ ನಗು ಕೇಳುತ್ತಿತ್ತು. ಜೀಪಿನಲ್ಲಿ ವಾಪಸು ಬರುವಾಗ ಯಾರೂ ಮಾತಾಡಲಿಲ್ಲ.

ಮುಂದಿನ ಆದಿತ್ಯವಾರ ಕ್ಲಬ್ಬಿನ ಮೀಟಿಂಗು, ಅದೇ ಜಗಲಿಯಲ್ಲಿ. ಯಾಕೆ ಸೋಲುತ್ತಿದ್ದೇವೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಸ್ಟಾಪರ್‌ಗೆ ವೀಸಾ ಬಂದು ದುಬೈಗೆ ಹೋಗಿದ್ದ. ಕೀಪರ್ ಶಾರ್ಜಾದಲ್ಲಿ ಅವನ ಮಾವನ ಅಂಗಡಿಯಲ್ಲಿದ್ದ. ಗೋಲು ಹೊಡೆಯುವ ಹುಡುಗ ಮುಂಬಯಿಯ ಹೋಟೆಲಿನಲ್ಲಿ. ಅದಕ್ಕಿಂತ ಮುಖ್ಯವಾದದ್ದು ಗದ್ದೆ. ಆ ವರ್ಷ ಅಡಿಕೆಗೆ ಚಿನ್ನದ ರೇಟು. ಗದ್ದೆಯ ಧಣಿಗಳು ಮಣ್ಣು ಏರಿಸಿ ಅಡಿಕೆ ಸಸಿ ನೆಟ್ಟಿದ್ದರು. ನಮ್ಮ ಪೆನಾಲ್ಟಿ ಹೊಡೆಯುವ ಜಾಗದಲ್ಲಿ ಸೋಗೆಯ ನೆರಳು ಮಾಡಿ ಸಾಲಾಗಿ ಸಸಿ ನಿಲ್ಲಿಸಿದ್ದರು. ಪ್ರಾಕ್ಟೀಸಿಗೆ ಜಾಗವೇ ಇರಲಿಲ್ಲ. ಶಾಲೆ ಅಂಗಳದಲ್ಲಿ ಬಾಲ್ ಜೋರಾಗಿ ಹೊಡೆದರೆ ಹಂಚು ಒಡೆಯುತ್ತಿತ್ತು. ಆದರೆ ಮೀಟಿಂಗಿನಲ್ಲಿ ಗದ್ದೆಯ ವಿಷಯ ಯಾರೂ ಎತ್ತಲಿಲ್ಲ. ಧಣಿಗಳೇ ನಮ್ಮ ಕ್ಲಬ್ಬಿನ ಗೌರವಾಧ್ಯಕ್ಷರು, ಎದುರಿಗೆ ಖುರ್ಚಿಯಲ್ಲಿ ಕೂತಿದ್ದರು.

ಅವರೇ ಶುರು ಮಾಡಿದ್ದು. “ಮಕ್ಕಳೇ, ಎಂತ ಮಾಡುವ? ಮಾಷ್ಟ್ರಿಗೂ ಶಾಲೆಯ ಕೆಲಸ ಜಾಸ್ತಿ. ಹೊಸಬರನ್ನು ನೋಡುವನಾ?” ಎಷ್ಟು ಮೆತ್ತಗೆ ಹೇಳಿದರು ಅಂದರೆ ಮಾಷ್ಟ್ರಿಗೆ ಉಪಕಾರ ಮಾಡುತ್ತಿದ್ದಾರೋ ಅನ್ನುವ ಹಾಗೆ. ಒಪ್ಪಿಗೆ ಇದ್ದವರು ಕೈ ಎತ್ತಿ ಅಂದರು. 17 ಜನ ಇದ್ದೆವು. ಪಕ್ಕದವನ ಕೈ ಮೇಲೆ ಹೋಯಿತು. ನಾನು ಒಂದು ಕ್ಷಣ ಮಾಷ್ಟ್ರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಯಾರೋ ಬಾಗಿಲ ಹತ್ತಿರ ಬಿಟ್ಟ ಚಪ್ಪಲಿ ನೋಡುತ್ತಿದ್ದರು. ನಾನೂ ಕೈ ಎತ್ತಿದೆ. ಗದ್ದೆ ವಾಪಸು ಬರುವುದಿಲ್ಲ, ದುಬೈಗೆ ಹೋದವನು ಬರುವುದಿಲ್ಲ, ಅಲ್ಲಿ ಬದಲಾಯಿಸಲು ಆಗುವಂಥದ್ದು ಅಂತ ಇದ್ದದ್ದು ಆ ಒಬ್ಬ ಮನುಷ್ಯ ಮಾತ್ರ. ಇದೆಲ್ಲ ಈಗ ಬರೆಯುವಾಗ ಹೊಳೆಯುವುದು. ಆಗ ನನಗೆ ಅನ್ನಿಸಿದ್ದು ಇಷ್ಟೇ: ಇದೊಂದು ಮುಗಿದರೆ ಚಾ ಬರುತ್ತದೆ.

ಮಾಷ್ಟ್ರು ಎದ್ದರು. ಚೀಲದಿಂದ ಪಂಪು ತೆಗೆದು ಮೇಜಿನ ಮೇಲೆ ಇಟ್ಟರು. “ಸೂಜಿ ಒದ್ದೆ ಮಾಡಿ ಹಾಕಿ,” ಅಂದರು. ಕಿಸೆಗೆ ಕೈ ಹಾಕಿ ಆ ಹದಿನಾಲ್ಕು ಅಡಿಕೆಯನ್ನೂ ತೆಗೆದು ಪಂಪಿನ ಪಕ್ಕ ಇಟ್ಟು ಹೋದರು. ಧಣಿಗಳು ಅದರಲ್ಲಿ ಒಂದು ಚಾಲಿ ಎತ್ತಿಕೊಂಡು, ತಿರುಗಿಸಿ ನೋಡಿ, “ಒಳ್ಳೇ ಅಡಿಕೆ,” ಅಂದರು.

ತೆಗೆದದ್ದೇ ತಡ

ಸ್ಟಾರೆ ಹೋದ ಆರನೇ ದಿನ, ಡಿಸೆಂಬರ್ 22ಕ್ಕೆ ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ಮೊಹಮ್ಮಡನ್ ತಂಡವನ್ನು 3–0 ಸೋಲಿಸಿತು. ಸೋಮವಾರ ರೈಲಿನಲ್ಲಿ ಮೊಬೈಲ್ ಅಂಗಡಿಯ ಹುಡುಗನ ಮುಖ ನೋಡಬೇಕಿತ್ತು. “ನೋಡಿದ್ರಾ? ತೆಗೆದದ್ದೇ ತಡ!”

ಶೀತಕ್ಕೆ ಮದ್ದು ತಗೊಂಡರೆ ಒಂದು ವಾರದಲ್ಲಿ ವಾಸಿ, ತಗೊಳ್ಳದಿದ್ದರೆ ಏಳು ದಿನ ಬೇಕು ಅಂತ ಒಂದು ಹಳೇ ತಮಾಷೆ ಉಂಟಲ್ಲ, ಇದೂ ಹಾಗೇ. ಕೋಚನ್ನು ತೆಗೆಯುವುದು ತಂಡ ಪೂರಾ ನೆಲಕ್ಕೆ ಬಿದ್ದಾಗ. ಅಲ್ಲಿಂದ ಮೇಲೆ ಬರುವುದು ಬಿಟ್ಟು ಬೇರೆ ದಾರಿ ಕಮ್ಮಿ. ಬಾಸ್ ಟರ್ ವೀಲ್ ಅನ್ನುವ ಡಚ್ ಅರ್ಥಶಾಸ್ತ್ರಜ್ಞರು ನೆದರ್‌ಲ್ಯಾಂಡ್ಸ್ ಲೀಗಿನ 1986ರಿಂದ 2004ರವರೆಗಿನ ಲೆಕ್ಕ ತೆಗೆದು ಇದನ್ನೇ ನೋಡಿದರು. ಕೋಚನ್ನು ತೆಗೆದ ತಂಡಗಳು ಸುಧಾರಿಸಿದ್ದು ಹೌದು. ಆದರೆ ಅಷ್ಟೇ ಕೆಟ್ಟದಾಗಿ ಸೋತು, ಕೋಚನ್ನು ಇಟ್ಟುಕೊಂಡ ತಂಡಗಳೂ ಹೆಚ್ಚುಕಮ್ಮಿ ಹಾಗೇ ಸುಧಾರಿಸಿದವು. ಇದನ್ನು ನಾನು ರೈಲಿನಲ್ಲಿ ಹೇಳಿದೆ. ಹುಡುಗ, “ಅದು ಹಾಲೆಂಡಲ್ವಾ?” ಅಂದ. ಅಲ್ಲಿಗೆ ಮುಗಿಯಿತು.

ಬ್ಯಾಂಕಿನವರು ತಮ್ಮ ಬ್ರಹ್ಮಾಸ್ತ್ರ ತೆಗೆದರು, ಫರ್ಗುಸನ್. ಟೈಮ್ ಕೊಡಿ ಅನ್ನುವವರೆಲ್ಲ ಇದನ್ನೇ ತೆಗೆಯುವುದು. 1986ರ ನವೆಂಬರ್‌ನಲ್ಲಿ ಯುನೈಟೆಡ್‌ಗೆ ಬಂದರು, ಮೂರು ವರ್ಷ ಏನೂ ಗೆಲ್ಲಲಿಲ್ಲ. 1989ರ ಡಿಸೆಂಬರ್‌ನಲ್ಲಿ ಸ್ಟೇಡಿಯಂನಲ್ಲೇ ‘ಮೂರು ವರ್ಷದ ನೆಪ ಸಾಕು, ಹೋಗಿ ಬಾ’ ಅನ್ನುವ ಅರ್ಥದ ಬ್ಯಾನರ್ ಬಿಚ್ಚಿದರು. ಮುಂದಿನ ತಿಂಗಳು ಮಾರ್ಕ್ ರಾಬಿನ್ಸ್ ಗೋಲಿನಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಎಫ್‌ಎ ಕಪ್ ಮ್ಯಾಚು ಗೆದ್ದು, ಆ ವರ್ಷ ಕಪ್ಪನ್ನೇ ಎತ್ತಿದರು. ಆಮೇಲಿನದು ಎಲ್ಲರಿಗೂ ಗೊತ್ತು. ನನಗೆ ಈ ಕಥೆ ಕೇಳಿದರೆ ಈಗ ಸಣ್ಣ ಸಿಟ್ಟು ಬರುತ್ತದೆ. ಕಾದು ಗೆದ್ದವರದ್ದು ಕಥೆಯಾಗಿ ಉಳಿಯುತ್ತದೆ. ಕಾದೂ ಕಾದೂ ಮುಳುಗಿ ಹೋದ ತಂಡಗಳ ಬಗ್ಗೆ ರೈಲಿನಲ್ಲಿ ಯಾರು ಮಾತಾಡುತ್ತಾರೆ? ಅದೇ ಯುನೈಟೆಡ್ 2013ರಲ್ಲಿ ಡೇವಿಡ್ ಮೋಯೆಸ್‌ಗೆ ಆರು ವರ್ಷದ ಕರಾರು ಬರೆದುಕೊಟ್ಟು, ಹತ್ತು ತಿಂಗಳೂ ತುಂಬುವ ಮೊದಲೇ ಕಳಿಸಿತು. ಇನ್ನೊಂದು ಕಡೆ ಟಾಟನ್‌ಹ್ಯಾಮ್. 2025ರ ಮೇಯಲ್ಲಿ ಯುರೋಪಾ ಲೀಗ್ ಗೆದ್ದುಕೊಟ್ಟ ಪೋಸ್ಟೆಕೊಗ್ಲೂವನ್ನು ಎರಡೇ ವಾರ ಕಳೆದು ತೆಗೆದರು, ಯಾಕೆಂದರೆ ಲೀಗಿನಲ್ಲಿ 17ನೇ ಜಾಗ. ಸೋತರೆ ತೆಗೆಯುತ್ತಾರೆ ಅಂತ ಮಾತ್ರ ಅಂದುಕೊಂಡಿದ್ದೆ.

ಬ್ಲಾಸ್ಟರ್ಸ್ ಆ ಸೀಸನ್ ಮುಗಿಸಿದ್ದು 8ನೇ ಜಾಗದಲ್ಲಿ. ಪ್ಲೇಆಫ್ ಇಲ್ಲ. ಮಾರ್ಚ್‌ನಲ್ಲಿ ಡೇವಿಡ್ ಕಟಾಲ ಬಂದರು. ನಮ್ಮ ಊರಿನ ಕ್ಲಬ್ಬಿಗೂ ಮಾಷ್ಟ್ರ ನಂತರ ಒಬ್ಬರು ಬಂದರು. ಮೊದಲ ಮ್ಯಾಚು ಗೆದ್ದೆವು, ಜೀಪಿನ ಟಾಪಿನ ಮೇಲೆ ಕೂತು ಬಂದೆವು. ಮುಂದಿನ ನಾಲ್ಕೂ ಸೋತೆವು. ಮಳೆಗಾಲದಲ್ಲಿ ಬಾಲಿನ ವಾಲ್ವ್ ಹೋಯಿತು. ಆ ಗದ್ದೆಯ ಅಡಿಕೆ ಈಗ ಎರಡಾಳೆತ್ತರ ದಾಟಿ ಹೋಗಿದೆ.

ಅನುಪತ್ಯ

ಕಳೆದ ವರ್ಷ ದೇವಸ್ಥಾನದ ಜಾತ್ರೆಯ ಅನುಪತ್ಯಕ್ಕೆ, ಅಂದರೆ ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿ ಮಾಷ್ಟ್ರು. ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ಸಾರಿಗೆ ಅನ್ನ ಕಲಸುತ್ತಾ ಮೊದಲು ಮಳೆ, ಆಮೇಲೆ ಅಡಿಕೆಯ ಕೊಳೆರೋಗ, ಆಮೇಲೆ ಫುಟ್ಬಾಲ್. ಎಲ್ಲ ಮ್ಯಾಚೂ ನೋಡುತ್ತಾರಂತೆ, ಮೊಮ್ಮಗನ ಮೊಬೈಲಿನಲ್ಲಿ. ನನಗೆ ಧೈರ್ಯ ಬಂತು.

“ಸ್ಟಾರೆಯನ್ನು ಅಷ್ಟು ಬೇಗ ತೆಗೆದದ್ದು ಅನ್ಯಾಯ ಅಲ್ವಾ ಮಾಷ್ಟ್ರೇ?” ಅಂದೆ. ಅವರು ಹೌದು ಅನ್ನಬೇಕು ಅಂತ ನನ್ನ ಆಸೆ. ಅಂದಿದ್ದರೆ ಅದರ ಹಿಂದೆಯೇ ಇನ್ನೊಂದು ಮಾತು ಹೇಳಿ ಇಪ್ಪತ್ತೈದು ವರ್ಷದ ಭಾರ ಇಳಿಸಬಹುದಿತ್ತು.

“ಎಂತ ಅನ್ಯಾಯ? ತೆಗೀಬೇಕಾದ್ದೇ,” ಅಂದರು. “ಗೋಲು ಹೊಡೆಯುವವರು ಇದ್ರು ಮಾರಾಯ, ಹಿಮೆನೆಸ್ ಹೊಡೀತಿದ್ದ, ನೋವಾ ಹೊಡೀತಿದ್ದ. ಹಿಂದೆ ಬಾಗಿಲು ತೆಗೆದಿಟ್ಟಿದ್ರು. ಕೋಲ್ಕತ್ತಾದಲ್ಲಿ ಐದು ನಿಮಿಷ ಕಾಯ್ಲಿಕ್ಕೆ ಆಗದವನು ಎಂತ ಕೋಚು?”

ಬಡಿಸುವವರು ಪಾಯಸದ ಬಕೆಟ್ ಹಿಡಿದು ಬಂದರು. ಮಾಷ್ಟ್ರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಗುಂಡಿ ಮಾಡಿಕೊಂಡರು. ಬಡಿಸುವವರು ಆಚೆ ಹೋದ ಮೇಲೆ ನಾನು ಕೇಳಿಯೇಬಿಟ್ಟೆ. “ಮತ್ತೆ ನಾವು ನಿಮ್ಮನ್ನು ತೆಗೆದದ್ದು?”

ಪಾಯಸ ಒಂದು ಸಲ ಸುರಿದು, ಬೆರಳು ನೆಕ್ಕಿ, ನನ್ನ ಕಡೆ ತಿರುಗಿದರು.

“ಉಪ್ಪಳದ ಮ್ಯಾಚಲ್ಲಿ ಮೂರಕ್ಕೆ ಮೂರೂ ಎಲ್ಲಿಂದ ಬಂತು, ನೆನಪುಂಟಾ?”

ನೆನಪಿತ್ತು. ಬಲಗಡೆಯಿಂದ.

“ಆ ವರ್ಷ ತೆಗೀಬೇಕಿದ್ದದ್ದು ರೈಟ್ ಬ್ಯಾಕನ್ನು,” ಅಂದರು. ಆಮೇಲೆ ಮುಂದಿನ ಸಾಲಿಗೆ ಹೋಗಿದ್ದ ಬಕೆಟಿನವನನ್ನು ಜೋರಾಗಿ ಕರೆದರು. “ಓಯ್, ಇಲ್ಲಿ ಇವರಿಗೆ ಪಾಯಸ ಬರ್ಲಿಲ್ಲ!”